ಕತ್ತಿ ಹಿಡಿದ ಪ್ರೇಕ್ಷಕರು

ನೇಪಲ್ಸ್ ನಗರದ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ ಆಳೆತ್ತರದ ಒಂದು ಭಿತ್ತಿಚಿತ್ರವಿದೆ. 1869ರಲ್ಲಿ ಪಾಂಪೇ ನಗರದ ಒಂದು ಸಾಧಾರಣ ಮನೆಯ ಗೋಡೆಯ ಮೇಲೆ ಅದು ಸಿಕ್ಕಿತು. ಬರೆದವನ ಕೈ ಅಷ್ಟೇನೂ ಪಳಗಿದ್ದಲ್ಲ. ಅಳತೆ ತಪ್ಪಿದೆ, ಗೋಡೆಗಳು ವಾಲಿವೆ. ಆದರೆ ಅವನಿಗೆ ಹೇಳಬೇಕಾದ ಕಥೆ ದೊಡ್ಡದಿತ್ತು. ಅದಕ್ಕಾಗಿ ಊರಿನ ಆಂಫಿಥಿಯೇಟರನ್ನು ಮುಗಿಲಿನಿಂದ ಕೆಳಗೆ ನೋಡಿದಂತೆ, ಒಳಗೂ ಹೊರಗೂ ಒಟ್ಟಿಗೇ ಕಾಣುವಂತೆ ಬಿಡಿಸಿಟ್ಟಿದ್ದಾನೆ. ಮುಂದುಗಡೆ ಇಬ್ಬದಿಯಿಂದ ಏರಿಬರುವ ದೊಡ್ಡ ಮೆಟ್ಟಿಲುಸಾಲು. ಮೇಲೆ ನೆರಳಿಗೆ ಬಿಗಿದ ಬಟ್ಟೆಯ ಚಾವಣಿ. ಪಕ್ಕದಲ್ಲಿ ಈಜುಕೊಳವಿರುವ ಗರಡಿಯಂಗಳ, ಮರಗಳು, ಮರದಡಿಯಲ್ಲಿ ತಿಂಡಿತೀರ್ಥ ಮಾರುವವರ ಡೇರೆಗಳು. ಇವೆಲ್ಲದರ ನಡುವೆ ಬೆರಳುದ್ದದ ಮನುಷ್ಯರು ಬಡಿದಾಡುತ್ತಿದ್ದಾರೆ. ಕಣದಲ್ಲಿ, ಆಸನಗಳ ಸಾಲಿನಲ್ಲಿ, ಹೊರಗಿನ ಬಯಲಿನಲ್ಲಿ, ಎಲ್ಲೆಂದರಲ್ಲಿ. ಕೆಲವರು ನೆಲಕ್ಕೆ ಬಿದ್ದಿದ್ದಾರೆ. ಅವರು ಗ್ಲಾಡಿಯೇಟರುಗಳಲ್ಲ, ಗ್ಲಾಡಿಯೇಟರುಗಳನ್ನು ನೋಡಲು ಬಂದವರು.

ಕ್ರಿ.ಶ. 59ರಲ್ಲಿ ನಡೆದ ಈ ಗಲಭೆಯ ಸುದ್ದಿ ರೋಮಿನ ಸೆನೆಟ್ಟಿನವರೆಗೂ ಹೋಯಿತು. ಇತಿಹಾಸಕಾರ ಟ್ಯಾಸಿಟಸ್ ತನ್ನ 'ಆನಲ್ಸ್' ಗ್ರಂಥದಲ್ಲಿ ಅದಕ್ಕೊಂದು ಚಿಕ್ಕ ಅಧ್ಯಾಯ ಕೊಟ್ಟಿದ್ದಾನೆ. ರೋಮಿನ ಆಂಫಿಥಿಯೇಟರುಗಳ ಬಗ್ಗೆ ಬರೆಯುವವರೆಲ್ಲ ಕೊಲೋಸಿಯಮ್ಮಿನಿಂದ ಶುರುಮಾಡುವುದು ವಾಡಿಕೆ. ಆದರೆ ಇಂಥ ಕಟ್ಟಡ ಯಾರಿಗಾಗಿ ಕಟ್ಟಿದ್ದು, ಅದು ಏನನ್ನು ತಡೆಯಬಲ್ಲದು, ಏನನ್ನು ತಡೆಯಲಾರದು ಎಂಬುದು ಪಾಂಪೇಯ ಈ ಹಳೆಯ, ಒರಟು ಕಟ್ಟಡದಲ್ಲಿ ಕಾಣುವಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ.

ಕಟ್ಟಡದ ಹುಟ್ಟಿನಲ್ಲೇ ಒಂದು ಜಗಳವಿದೆ. ಪಾಂಪೇ ಮೂಲತಃ ರೋಮನರ ಊರಲ್ಲ. ಓಸ್ಕನ್ ಭಾಷೆಯಾಡುವ ಸಾಮ್ನೈಟರ ಊರು. ರೋಮಿನ ಪೌರತ್ವದ ಹಕ್ಕಿಗಾಗಿ ಇಟಲಿಯ ಮಿತ್ರನಗರಗಳು ದಂಗೆಯೆದ್ದಾಗ ಪಾಂಪೇ ಕೂಡ ಎದ್ದಿತು. ಕ್ರಿ.ಪೂ. 89ರಲ್ಲಿ ಸೇನಾನಿ ಸುಲ್ಲಾ ಅದಕ್ಕೆ ಮುತ್ತಿಗೆ ಹಾಕಿದ. ಅವನ ಕವಣೆಯಂತ್ರಗಳ ಕಲ್ಲುಗುಂಡು ಬಡಿದ ಗುರುತುಗಳು ಉತ್ತರದ ಕೋಟೆಗೋಡೆಯ ಮೇಲೆ ಈಗಲೂ ಇವೆ. ಸುಲ್ಲಾ ರೋಮಿನ ಸರ್ವಾಧಿಕಾರಿಯಾದ ಮೇಲೆ, ಕ್ರಿ.ಪೂ. 80ರಲ್ಲಿ, ತನ್ನ ನಿವೃತ್ತ ಸೈನಿಕರನ್ನು ತಂದು ಇಲ್ಲಿ ನೆಲೆಗೊಳಿಸಿದ. ಹಳಬರ ಜಮೀನು ಹೊಸಬರ ಪಾಲಾಯಿತು, ಊರಿನ ಹೆಸರು ಬದಲಾಯಿತು, ಕಚೇರಿಯ ಭಾಷೆ ಲ್ಯಾಟಿನ್ ಆಯಿತು.

ಇದಾದ ಹತ್ತೇ ವರ್ಷಕ್ಕೆ, ಕ್ರಿ.ಪೂ. 70ರ ಸುಮಾರಿಗೆ, ಗೈಯಸ್ ಕ್ವಿಂಕ್ಟಿಯಸ್ ವಾಲ್ಗಸ್ ಮತ್ತು ಮಾರ್ಕಸ್ ಪೋರ್ಕಿಯಸ್ ಎಂಬಿಬ್ಬರು ನಗರಾಧಿಕಾರಿಗಳು ಆಂಫಿಥಿಯೇಟರನ್ನು ಕಟ್ಟಿಸಿದರು. ಖರ್ಚು ತಮ್ಮದೇ ಎಂದೂ, ಜಾಗವನ್ನು ವಲಸೆ ಬಂದು ನೆಲೆಸಿದವರಿಗೆ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇವೆಂದೂ ಶಾಸನ ಹಾಕಿಸಿದರು. ಊರಿನ ಚಿಕ್ಕ ಸೂರುಳ್ಳ ರಂಗಮಂದಿರದ ಶಾಸನದಲ್ಲೂ ಇದೇ ಜೋಡಿಯ ಹೆಸರಿದೆ. ವಾಲ್ಗಸ್ ಸುಲ್ಲಾನ ಕಡೆಯವನು, ಆ ಗೊಂದಲದ ಕಾಲದಲ್ಲಿ ಭೂಮಿಕಾಣಿ ಮಾಡಿಕೊಂಡವನು. ಹೊಸ ಯಜಮಾನರು ಹಳೆಯ ಊರಿಗೆ ಕೊಟ್ಟ ಉಡುಗೊರೆ ಇದು ಎನ್ನಬಹುದು. ಆದರೆ ಶಾಸನದಲ್ಲಿ ಹಳಬರ ಸುದ್ದಿಯೇ ಇಲ್ಲ. ಇಂದು ನಮಗೆ ಗೊತ್ತಿರುವ ಕಲ್ಲಿನ ಆಂಫಿಥಿಯೇಟರುಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿನಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡುವುದುಂಟು. ರೋಮಿನ ಕೊಲೋಸಿಯಂ ಉದ್ಘಾಟನೆಯಾದದ್ದು ಕ್ರಿ.ಶ. 80ರಲ್ಲಿ, ಅಂದರೆ ಇದಕ್ಕಿಂತ ಸುಮಾರು ನೂರೈವತ್ತು ವರ್ಷ ತಡವಾಗಿ. ಆಗ ಪಾಂಪೇಯ ಆಂಫಿಥಿಯೇಟರು ಬೂದಿಯಡಿ ಹೂತುಹೋಗಿ ಒಂದು ವರ್ಷ ಕಳೆಯುತ್ತ ಬಂದಿತ್ತು.

ಕಟ್ಟಿದವರು ಜಾಣರು. ಊರಿನ ಆಗ್ನೇಯ ಮೂಲೆಯನ್ನು, ಕೋಟೆಗೋಡೆಗಳು ಕೂಡುವ ಜಾಗವನ್ನು ಆರಿಸಿಕೊಂಡರು. ಅಲ್ಲಿ ಮನೆಗಳು ವಿರಳ, ಕೆಡವಬೇಕಾದ್ದು ಕಡಿಮೆ. ಹೊರಊರಿನಿಂದ ಬರುವ ಜನ ಪೇಟೆಯ ಇಕ್ಕಟ್ಟಿಗೆ ಸಿಗದೆ ನೇರ ಬಂದು ಹೋಗಬಹುದು. ನೆಲವನ್ನು ಸುಮಾರು ಆರು ಮೀಟರ್ ಆಳಕ್ಕೆ ಅಗೆದು ಕಣ ಮಾಡಿದರು. ಅಗೆದ ಮಣ್ಣನ್ನೇ ಸುತ್ತ ಒಡ್ಡಾಗಿ ಪೇರಿಸಿ ಅದರ ಇಳಿಜಾರಿನಲ್ಲಿ ಆಸನ ಮಾಡಿದರು. ಪೂರ್ವ, ದಕ್ಷಿಣದ ಕಡೆ ಒಡ್ಡನ್ನು ತಡೆಯುವ ಕೆಲಸಕ್ಕೆ ಕೋಟೆಯೇ ಇತ್ತು. ಉಳಿದ ಕಡೆಗೆ ಕಾಡುಗಲ್ಲು ಮತ್ತು ಗಾರೆಯಿಂದ ಕಮಾನುಸಾಲಿನ ತಡೆಗೋಡೆ ಕಟ್ಟಿದರು. ಕೆರೆ ತೋಡಿದ ಮಣ್ಣಿನಿಂದಲೇ ಏರಿ ಕಟ್ಟುವ ನಮ್ಮ ಒಡ್ಡರ ಲೆಕ್ಕಾಚಾರವೇ ಇದು. ಕೊಲೋಸಿಯಂ ಸಮನೆಲದ ಮೇಲೆ ಕಮಾನಿನ ಮೇಲೆ ಕಮಾನು ಹೊತ್ತು ನಿಂತ ಕಟ್ಟಡ. ಪಾಂಪೇಯದು ಅರ್ಧ ಗುಂಡಿ, ಅರ್ಧ ಗುಡ್ಡ. ಉದ್ದ ಸುಮಾರು 135 ಮೀಟರ್, ಅಗಲ ಸುಮಾರು 104 ಮೀಟರ್. ಇಪ್ಪತ್ತು ಸಾವಿರ ಜನ ಹಿಡಿಯುತ್ತಿತ್ತು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಪಾಂಪೇಯ ಇಡೀ ಜನಸಂಖ್ಯೆಯನ್ನು ಹತ್ತು-ಹನ್ನೆರಡು ಸಾವಿರವೆಂದು ಎಣಿಸುವವರಿದ್ದಾರೆ. ಹಾಗಾದರೆ ಇದು ಮೊದಲಿಂದಲೂ ನೆರೆಯೂರಿನವರನ್ನು ಲೆಕ್ಕಕ್ಕೆ ಹಿಡಿದೇ ಕಟ್ಟಿದ್ದು.

ಕಣದ ಅಡಿಯಲ್ಲಿ ನೆಲಮಾಳಿಗೆಯಿಲ್ಲ. ಕೊಲೋಸಿಯಮ್ಮಿನಲ್ಲಿ ಹುಲಿಯನ್ನೋ ಸಿಂಹವನ್ನೋ ನೆಲದಿಂದ ದಿಢೀರನೆ ಮೇಲೆಬ್ಬಿಸುವ ಎತ್ತುಯಂತ್ರಗಳಿದ್ದವು. ಇಲ್ಲಿ ಅಂಥ ಮಾಯಾಜಾಲವಿಲ್ಲ. ಪ್ರಾಣಿಯಾಗಲಿ ಮನುಷ್ಯನಾಗಲಿ ಇಳಿಜಾರಾದ ಸುರಂಗದಲ್ಲಿ ನಡೆದೇ ಬರಬೇಕು. ಉತ್ತರದ ಸುರಂಗ ನೇರವಾಗಿದೆ. ದಕ್ಷಿಣದ್ದು ಕೋಟೆ ಅಡ್ಡ ಬಂದದ್ದರಿಂದ ಲಂಬಕೋನದಲ್ಲಿ ತಿರುಗಿಕೊಂಡಿದೆ. ಪಶ್ಚಿಮಕ್ಕೊಂದು ಕಿರಿದಾದ ದಾರಿಯಿದೆ. ಸತ್ತವರನ್ನು ಎಳೆದೊಯ್ಯುತ್ತಿದ್ದುದು ಅಲ್ಲಿಂದ ಎಂದು ಹೇಳುವುದು ವಾಡಿಕೆ.

ಕಲ್ಲಿನ ಆಸನಗಳು ಒಂದೇ ಸಲಕ್ಕೆ ಬರಲಿಲ್ಲ. ಹಲವು ದಶಕಗಳ ಅವಧಿಯಲ್ಲಿ, ಒಂದೊಂದು ಹೋಳನ್ನು ಒಬ್ಬೊಬ್ಬ ಅಧಿಕಾರಿ ಮಾಡಿಸಿದ. ಹೊಸದಾಗಿ ಆಯ್ಕೆಯಾದವನು ಜನರಿಗೆ ಆಟ ಏರ್ಪಡಿಸಬೇಕೆಂಬ ಕಟ್ಟಳೆಯಿತ್ತು. ಆಟಕ್ಕೂ ದೀಪಕ್ಕೂ ಖರ್ಚು ಮಾಡುವ ಬದಲು ಇಂತಿಷ್ಟು ಆಸನ ಕಟ್ಟಿಸಿದ್ದೇವೆ ಎಂದು ಅವರು ಕಣದ ಸುತ್ತಿನ ಕಟ್ಟೆಯ ಮೇಲೆ ಕೆತ್ತಿಸಿದ್ದಾರೆ. ನಗರಸಭೆಯ ರಾಜಕೀಯ ಕಟ್ಟಡದ ಮೈಮೇಲೇ ಬರೆದುಕೊಂಡಿದೆ.

ಈ ಆಸನಗಳ ವ್ಯವಸ್ಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪಾಂಪೇಯಿಂದ ಕೊಲ್ಲಿಯಾಚೆ ಪುಟಿಯೋಲಿ ಎಂಬ ಬಂದರಿತ್ತು. ಅಲ್ಲಿ ಒಮ್ಮೆ ಆಟ ನೋಡಲು ಬಂದ ಸೆನೆಟರನೊಬ್ಬನಿಗೆ ಕಿಕ್ಕಿರಿದ ಜನರಲ್ಲಿ ಒಬ್ಬನೂ ಜಾಗ ಬಿಡಲಿಲ್ಲವಂತೆ. ಆ ಅವಮಾನದ ಮೇಲೆಯೇ ಚಕ್ರವರ್ತಿ ಆಗಸ್ಟಸ್ ಯಾರೆಲ್ಲಿ ಕೂರಬೇಕೆಂದು ನಿಯಮ ಮಾಡಿದ ಎಂದು ಚರಿತ್ರಕಾರ ಸುಯೆಟೋನಿಯಸ್ ಬರೆಯುತ್ತಾನೆ. ಮುಂದಿನ ಸಾಲು ಸೆನೆಟರುಗಳಿಗೆ. ಸೈನಿಕರು ಬೇರೆ, ನಾಗರಿಕರು ಬೇರೆ. ಮದುವೆಯಾದ ಗಂಡಸರಿಗೆ ತಮ್ಮದೇ ಸಾಲು. ಹುಡುಗರು ಒಂದು ಕಡೆ, ಅವರ ಪಕ್ಕದಲ್ಲೇ ಅವರನ್ನು ಕಾಯುವ ಉಪಾಧ್ಯಾಯರು. ಹೆಂಗಸರು ಗ್ಲಾಡಿಯೇಟರುಗಳ ಕಾಳಗವನ್ನು ತೀರ ಮೇಲಿನ ಸಾಲುಗಳಿಂದಲೇ ನೋಡಬೇಕು. ಪಾಂಪೇಯ ಕಟ್ಟಡ ಈ ನಿಯಮಕ್ಕಿಂತ ಹಳೆಯದು. ಆದರೂ ಅದರ ರಚನೆ ಇಂಥ ವಿಂಗಡಣೆಗೆ ಹೇಳಿ ಮಾಡಿಸಿದಂತಿದೆ. ಕೆಳಗಿನ ಮತ್ತು ನಡುವಿನ ಆಸನಗಳಿಗೆ ಹೋಗುವವರು ಒಡ್ಡಿನ ಒಳಗೆ ಸುತ್ತುವ ಓಣಿಯಿಂದ ಹೋಗುತ್ತಾರೆ. ಮೇಲಿನ ಆಸನಗಳಿಗೆ ಹೋಗುವವರಿಗೆ ಹೊರಗಿನ ಮೆಟ್ಟಿಲು. ಆ ಚಿತ್ರದಲ್ಲಿ ಎದ್ದು ಕಾಣುವ ಮೆಟ್ಟಿಲುಸಾಲು ಇದೇ. ಬಡವನೂ ಬಲ್ಲಿದನೂ ಒಂದೇ ಕಣವನ್ನು ನೋಡುತ್ತಾರೆ, ಆದರೆ ಬರುವಾಗ ಹೋಗುವಾಗ ಒಬ್ಬರ ಭುಜ ಇನ್ನೊಬ್ಬರಿಗೆ ತಾಕುವುದಿಲ್ಲ. ಕಟ್ಟಡಕ್ಕೆ ಅಂತಸ್ತು ಗೊತ್ತಿತ್ತು. ಊರು ಗೊತ್ತಿರಲಿಲ್ಲ. ಪಾಂಪೇಯವನನ್ನೂ ನೆರೆಯೂರು ನುಕೇರಿಯಾದವನನ್ನೂ ಬೇರೆಬೇರೆ ಇಡುವ ಗೋಡೆ ಅದರಲ್ಲಿ ಇರಲಿಲ್ಲ.

ಆಟದ ದಿನ ಗೊತ್ತಾದರೆ ಊರಿನ ಗೋಡೆಗಳ ಮೇಲೆ ಕೆಂಪು ಬಣ್ಣದ ಜಾಹೀರಾತು ಏಳುತ್ತಿತ್ತು. ಯಾರು ಆಟ ಕೊಡುತ್ತಿದ್ದಾರೆ, ಎಷ್ಟು ಜೋಡಿ, ಬೇಟೆಯುಂಟೇ, ನೆರಳಿನ ಚಾವಣಿಯುಂಟೇ, ಎಲ್ಲವೂ ಅದರಲ್ಲಿರುತ್ತಿತ್ತು. ಒಂದು ಜಾಹೀರಾತಿನಲ್ಲಿ ಡೆಕಿಮಸ್ ಲುಕ್ರೀಷಿಯಸ್ ಸಾಟ್ರಿಯಸ್ ವಾಲೆನ್ಸ್ 20 ಜೋಡಿ, ಅವನ ಮಗ 10 ಜೋಡಿ ಗ್ಲಾಡಿಯೇಟರುಗಳನ್ನು ಇಳಿಸುತ್ತಾರೆಂದಿದೆ. ಅದನ್ನು ಬರೆದ ಐಮಿಲಿಯಸ್ ಕೆಲೆರ್, ಬೆಳದಿಂಗಳಲ್ಲಿ ತಾನೊಬ್ಬನೇ ಬರೆದೆನೆಂದು ಕೆಳಗೆ ಸೇರಿಸಿದ್ದಾನೆ. ಸಾಟ್ರಿಯಸ್ ವಾಲೆನ್ಸನ ಹೆಸರು ನೇಪಲ್ಸಿನ ಭಿತ್ತಿಚಿತ್ರದೊಳಗಿನ ಗರಡಿಗೋಡೆಯ ಮೇಲೂ ಇದೆ. ಆಂಫಿಥಿಯೇಟರಿನ ಹೊರಗಿನ ಕಮಾನುಗಳಡಿಯಲ್ಲಿ ಅಂಗಡಿಯಿಡಲು ನಗರಾಧಿಕಾರಿಗಳ ಅಪ್ಪಣೆ ಬೇಕಿತ್ತು. ಅಪ್ಪಣೆ ಪಡೆದವರು ತಮ್ಮ ಹೆಸರನ್ನು ಗೋಡೆಗೆ ಬರೆದು ಜಾಗ ಹಿಡಿಯುತ್ತಿದ್ದರು.

ಆಟ ಮುಗಿದ ಮೇಲೆ ಅಭಿಮಾನಿಗಳ ಸರದಿ. ನುಕೇರಿಯಾ ಬಾಗಿಲಿನ ಹೊರಗೆ ಒಂದು ಗೋರಿಯ ಮೇಲೆ ಯಾರೋ ಗೀಚಿದ ಚಿತ್ರಗಳಿವೆ. ಮಾರ್ಕಸ್ ಅಟ್ಟಿಲಿಯಸ್ ಎಂಬ ಹೊಸಬ, ಚಕ್ರವರ್ತಿ ನೀರೋನ ತರಬೇತಿ ಶಾಲೆಯಿಂದ ಬಂದ, ಹದಿನಾಲ್ಕು ಕಾಳಗ ಕಂಡಿದ್ದ ಹಿಲಾರಸ್‌ನನ್ನು ಸೋಲಿಸಿದ. ಮುಂದಿನ ಸಲ ರೈಕಿಯಸ್ ಫೆಲಿಕ್ಸ್ ಎಂಬ ಇನ್ನೊಬ್ಬ ಪಳಗಿದವನನ್ನೂ ಮಣಿಸಿದ. ಸೋತ ಇಬ್ಬರ ಹೆಸರಿನ ಮುಂದೆಯೂ, ಜೀವಸಹಿತ ಬಿಟ್ಟರು ಎಂದು ಸೂಚಿಸುವ ಅಕ್ಷರವಿದೆ. ಸೋತವನು ಸಾಯಲೇಬೇಕೆಂಬುದು ಸಿನಿಮಾ ಕಟ್ಟಿದ ನಂಬಿಕೆ. ತರಬೇತಾದ ಗ್ಲಾಡಿಯೇಟರು ದುಬಾರಿ ಸ್ವತ್ತು. ಯಜಮಾನ ಅವನನ್ನು ಸುಮ್ಮನೆ ಕಳೆದುಕೊಳ್ಳುತ್ತಿರಲಿಲ್ಲ. ಇದು ದಯೆಯ ಮಾತಲ್ಲ, ಲೆಕ್ಕದ ಮಾತು. ಮರಣದಂಡನೆಗೆ ಗುರಿಯಾಗಿ ಕಣಕ್ಕೆ ಬಿದ್ದವರಿಗೆ ಈ ರಿಯಾಯಿತಿ ಇರಲಿಲ್ಲ.

ಈಗ ಆ ದಿನಕ್ಕೆ ಬರೋಣ. ಆಟ ಕೊಟ್ಟವನು ಲಿವಿನೀಯಸ್ ರೆಗ್ಯುಲಸ್, ಸೆನೆಟ್ಟಿನಿಂದ ಹೊರದಬ್ಬಿಸಿಕೊಂಡಿದ್ದವನು. ರೋಮಿನಲ್ಲಿ ಕಳೆದುಕೊಂಡ ಮಾನವನ್ನು ಪಾಂಪೇಯಲ್ಲಿ ದುಡ್ಡು ಚೆಲ್ಲಿ ಕೊಳ್ಳುವ ಆಸೆ ಇದ್ದಿರಬೇಕು. ಹತ್ತು ಹನ್ನೆರಡು ಕಿಲೋಮೀಟರ್ ದೂರದ ನುಕೇರಿಯಾದಿಂದಲೂ ಜನ ಬಂದಿದ್ದರು. ಎರಡು ಊರುಗಳ ನಡುವೆ ಮೊದಲೇ ಹೊಗೆಯಾಡುತ್ತಿತ್ತು. ಎರಡು ವರ್ಷದ ಹಿಂದೆ, ಕ್ರಿ.ಶ. 57ರಲ್ಲಿ, ನೀರೋ ನುಕೇರಿಯಾಕ್ಕೆ ಹೊಸ ನಿವೃತ್ತ ಸೈನಿಕರನ್ನು ಕಳಿಸಿ ನೆಲೆಗೊಳಿಸಿದ್ದ. ಅವರಿಗೆ ಕೊಟ್ಟ ಭೂಮಿಯ ವಿಷಯವಾಗಿಯೇ ಪಾಂಪೇಯವರಿಗೆ ಸಿಟ್ಟಿತ್ತೆಂದು ಹಲವು ಇತಿಹಾಸಕಾರರ ಊಹೆ. ನನಗೂ ಈ ಊಹೆ ಹಿಡಿಸುತ್ತದೆ, ಯಾಕೆಂದರೆ ಬರೀ ಆಟದ ಹುರುಪಿಗೆ ಅಷ್ಟು ಹೆಣ ಬೀಳುವುದು ಕಷ್ಟ. ಸುಲ್ಲಾನ ಸೈನಿಕರಿಗೆ ಭೂಮಿ ಬಿಟ್ಟುಕೊಟ್ಟ ಊರು, ಈಗ ನೆರೆಯಲ್ಲಿ ಅದೇ ಕಥೆ ಮತ್ತೆ ನಡೆಯುವುದನ್ನು ನೋಡುತ್ತಿತ್ತು.

ಟ್ಯಾಸಿಟಸ್ ಹೇಳುವ ಕ್ರಮ ಹೀಗಿದೆ. ಮೊದಲು ಸಣ್ಣ ಊರುಗಳಲ್ಲಿ ಮಾಮೂಲಾದ ಕೀಟಲೆ, ಮೂದಲಿಕೆ. ಆಮೇಲೆ ಬೈಗುಳ. ಆಮೇಲೆ ಕಲ್ಲು. ಕೊನೆಗೆ ಕತ್ತಿ. ಆಟ ತಮ್ಮೂರಲ್ಲೇ ನಡೆದದ್ದರಿಂದ ಪಾಂಪೇಯವರ ಕೈ ಮೇಲಾಯಿತು. ನುಕೇರಿಯಾದವರಲ್ಲಿ ಕೈಕಾಲು ಕಡಿಸಿಕೊಂಡ ಹಲವರನ್ನು ರೋಮಿಗೆ ಹೊತ್ತೊಯ್ದರು. ಮಕ್ಕಳನ್ನೋ ತಂದೆತಾಯಿಯನ್ನೋ ಕಳೆದುಕೊಂಡವರು ಬಹಳ. ಸತ್ತವರ ಸಂಖ್ಯೆಯನ್ನು ಟ್ಯಾಸಿಟಸ್ ಕೊಟ್ಟಿಲ್ಲ. ಕಣದಲ್ಲಿ ಅಂದು ಎಷ್ಟು ಜೋಡಿ ಇಳಿದಿತ್ತು, ಯಾರು ಗೆದ್ದರು ಎಂಬುದನ್ನೂ ಹೇಳುವುದಿಲ್ಲ. ಅಂದಿನ ಆಟ ಯಾರಿಗೂ ನೆನಪುಳಿಯಲಿಲ್ಲ.

ಅದೇ ವರ್ಷದ ಮಾರ್ಚಿನಲ್ಲಿ ನೀರೋ, ಇದೇ ಕೊಲ್ಲಿಯ ಆಚೆ ದಡದಲ್ಲಿ, ಹೆತ್ತ ತಾಯಿ ಅಗ್ರಿಪ್ಪಿನಾಳನ್ನು ಕೊಲ್ಲಿಸಿದ್ದ. ಅಂಥವನ ಮುಂದೆ ಈಗ ಶಾಂತಿಭಂಗದ ದೂರು ಬಂತು. ಅವನು ಸೆನೆಟ್ಟಿಗೆ ವಹಿಸಿದ, ಸೆನೆಟ್ಟು ಕಾನ್ಸಲರಿಗೆ ವಹಿಸಿತು, ಅಲ್ಲಿಂದ ಕಡತ ಮತ್ತೆ ಸೆನೆಟ್ಟಿಗೇ ಬಂತು. ಕೊನೆಗೆ ತೀರ್ಪು: ಪಾಂಪೇಯಲ್ಲಿ ಹತ್ತು ವರ್ಷ ಇಂಥ ಕೂಟ ಕೂಡದು, ಕಾನೂನು ಮೀರಿ ಕಟ್ಟಿಕೊಂಡ ಸಂಘಗಳು ರದ್ದು, ಲಿವಿನೀಯಸ್‌ಗೂ ದೊಂಬಿಗೆ ಕುಮ್ಮಕ್ಕು ಕೊಟ್ಟವರಿಗೂ ಗಡೀಪಾರು. ಸಂಘಗಳ ಮಾತು ಬಂದದ್ದು ಗಮನಿಸಬೇಕು. ಇದು ಕಾಲುಕೆರೆದು ಎದ್ದ ಜಗಳವಷ್ಟೇ ಅಲ್ಲ, ಹಿಂದೆ ಗುಂಪುಗಳಿದ್ದವು ಎಂದು ಸೆನೆಟ್ಟು ನಂಬಿತ್ತು.

ಊರಿನೊಳಗೆ ಏನಾಯಿತೆಂಬುದಕ್ಕೆ ಬೇರೊಂದು ಕಡೆಯಿಂದ ಸಾಕ್ಷಿ ಬಂತು. 1875ರಲ್ಲಿ ಲೂಸಿಯಸ್ ಕೈಕಿಲಿಯಸ್ ಯುಕುಂಡಸ್ ಎಂಬ ಹರಾಜುದಾರನ ಮನೆಯಲ್ಲಿ ನೂರೈವತ್ತಕ್ಕೂ ಹೆಚ್ಚು ಮೇಣದ ಹಲಗೆಗಳು ಸಿಕ್ಕವು. ಎಲ್ಲ ಲೇವಾದೇವಿಯ ರಸೀತಿಗಳು. ರಸೀತಿಗೆ ತಾರೀಖಿನ ಜೊತೆ ಆ ವರ್ಷದ ನಗರಾಧಿಕಾರಿಗಳ ಹೆಸರು ಬರೆಯುವುದು ಪದ್ಧತಿ. ಅಧಿಕಾರದ ವರ್ಷ ಜುಲೈಯಿಂದ ಜುಲೈಗೆ. ಕ್ರಿ.ಶ. 59ರ ಜುಲೈಯಲ್ಲಿ ಗ್ರೋಸ್ಫಸ್ ಮನೆತನದ ಇಬ್ಬರ ಹೆಸರಿದೆ; ಅದೇ ಅವಧಿ ಮುಗಿಯುವ ಮುಂಚೆ, 60ರ ಮೇ ತಿಂಗಳಲ್ಲಿ, ಬೇರೆ ಇಬ್ಬರ ಹೆಸರು ಬಂದು ಅವರ ಮೇಲೆ ಸೆಕ್ಸ್‌ಟಸ್ ಪೊಂಪೀಯಸ್ ಪ್ರೊಕ್ಯುಲಸ್ ಎಂಬ ವಿಶೇಷಾಧಿಕಾರಿಯೂ ಕೂತಿದ್ದಾನೆ. ಚುನಾಯಿತರು ಮನೆಗೆ ಹೋದರು, ಆಡಳಿತಾಧಿಕಾರಿ ಬಂದ. ಇದನ್ನು ಗಲಭೆಯ ಪರಿಣಾಮವೆಂದೇ ಹೆಚ್ಚಿನವರು ಓದುತ್ತಾರೆ.

ನಿಷೇಧ ಬಂತೆಂದು ಆಟವೆಲ್ಲ ನಿಂತುಬಿಡಲಿಲ್ಲ. ಗ್ನೈಯಸ್ ಅಲ್ಲೀಯಸ್ ನಿಗಿಡಿಯಸ್ ಮೈಯಸ್ ಊರಿನ ಅತಿ ದೊಡ್ಡ ಆಟದ ದಾನಿ. ಅವನ ಕೆಲವು ಜಾಹೀರಾತುಗಳಲ್ಲಿ ಪ್ರಾಣಿಬೇಟೆಯಿದೆ, ಮಲ್ಲರಿದ್ದಾರೆ, ಪ್ರೇಕ್ಷಕರ ಮೇಲೆ ಸುಗಂಧಜಲ ಚಿಮುಕಿಸುವ ಮಾತಿದೆ, ಚಾವಣಿಯ ಭರವಸೆಯಿದೆ. ಗ್ಲಾಡಿಯೇಟರುಗಳ ಹೆಸರೇ ಇಲ್ಲ. ನಿಷೇಧದ ಸಂದಿಯಲ್ಲಿ ನುಸುಳುವ ಉಪಾಯ ಇದೆಂದು ಕಾಣುತ್ತದೆ. 2017ರಲ್ಲಿ ಸ್ಟಾಬಿಯಾ ಬಾಗಿಲಿನ ಹತ್ತಿರ ನಾಲ್ಕು ಮೀಟರಿಗೂ ಉದ್ದದ ಶಾಸನವಿರುವ ಗೋರಿಯೊಂದು ಸಿಕ್ಕಿತು. ಅದರಲ್ಲಿ ಹೆಸರು ಉಳಿದಿಲ್ಲ, ಆದರೆ ಅದು ನಿಗಿಡಿಯಸ್ ಮೈಯಸನದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಪ್ರಾಯಕ್ಕೆ ಬಂದಾಗ ಅವನು 456 ಪಂಕ್ತಿಗಳಲ್ಲಿ, ಪಂಕ್ತಿಗೆ 15 ಜನರಂತೆ, ಊಟ ಹಾಕಿಸಿದನಂತೆ: 6,840 ಎಲೆ. ಬರ ಬಂದಾಗ ಅಗ್ಗಕ್ಕೆ ಧಾನ್ಯ ಕೊಟ್ಟನಂತೆ. ಒಂದು ಆಟಕ್ಕೆ 416 ಗ್ಲಾಡಿಯೇಟರುಗಳನ್ನು ತಂದನಂತೆ. ಗೋರಿಯ ಮೇಲೆ ತನ್ನನ್ನು ತಾನು ಹೊಗಳಿಕೊಳ್ಳುವವನ ಲೆಕ್ಕಕ್ಕೆ ಸ್ವಲ್ಪ ಸೋಡಿ ಬಿಡಬೇಕು, ನಿಜ. ಆದರೆ ನಮಗೆ ಬೇಕಾದ ಸಾಲು ಇನ್ನೊಂದು: ಗ್ಲಾಡಿಯೇಟರು ತಂಡಗಳನ್ನೆಲ್ಲ ರೋಮಿನಿಂದ 200 ಮೈಲಿಯಾಚೆ ಒಯ್ಯಬೇಕೆಂದು ಚಕ್ರವರ್ತಿ ಆಜ್ಞೆ ಮಾಡಿದಾಗ, ಅವುಗಳನ್ನು ಮರಳಿ ತರುವ ಅನುಮತಿ ತನಗೊಬ್ಬನಿಗೇ ಸಿಕ್ಕಿತೆಂದು ಅದು ಹೇಳುತ್ತದೆ. ಟ್ಯಾಸಿಟಸ್ ಒಂದೇ ವಾಕ್ಯದಲ್ಲಿ ಮುಗಿಸಿದ ನಿಷೇಧದ ಹಿಂದೆ ಎಷ್ಟು ಓಡಾಟ ನಡೆದಿರಬೇಕು ಎಂಬುದು ಈ ಸಾಲಿನಿಂದ ತಿಳಿಯುತ್ತದೆ.

ಹಾಗೆಂದು ಊರಿಗೆ ಪಶ್ಚಾತ್ತಾಪವೇನೂ ಆಗಿರಲಿಲ್ಲ. ಒಂದು ಮನೆಯ ಗೋಡೆಯ ಮೇಲೆ ಗೆಲುವಿನ ಗರಿ ಹಿಡಿದು ಮೆಟ್ಟಿಲಿಳಿಯುವ ಆಕೃತಿಯನ್ನು ಗೀಚಿ, ನುಕೇರಿಯಾದವರ ಜೊತೆ ನೀವೂ ಒಂದೇ ಗೆಲುವಿನಲ್ಲಿ ಹಾಳಾದಿರಿ ಎಂದು ಇನ್ಯಾರನ್ನೋ ಹಂಗಿಸಿದ್ದಾರೆ. ಇನ್ನೊಂದು ಗೋಡೆಯಲ್ಲಿ ನುಕೇರಿಯಾದ ಕಡೆಯವನೊಬ್ಬ ತನ್ನೂರಿಗೆ ಒಳಿತನ್ನೂ ಪಾಂಪೇಯವರಿಗೆ ಕೊಕ್ಕೆಯನ್ನೂ ಹಾರೈಸಿದ್ದಾನೆ. ಇನ್ನು ಆ ಭಿತ್ತಿಚಿತ್ರ. ಮನೆಯಂಗಳದಲ್ಲಿ ದೇವರನ್ನೋ ಹೂಬಳ್ಳಿಯನ್ನೋ ಬರೆಸುವ ಕಾಲದಲ್ಲಿ ಒಬ್ಬನು ದುಡ್ಡು ಕೊಟ್ಟು ಈ ಹೊಡೆದಾಟವನ್ನು ಬರೆಸಿದ. ನಮ್ಮವರು ಗೆದ್ದ ದಿನ ಎಂಬ ಹೆಮ್ಮೆಯಲ್ಲದೆ ಬೇರೆ ಕಾರಣ ನನಗೆ ಹೊಳೆಯುವುದಿಲ್ಲ.

ಕ್ರಿ.ಶ. 62ರ ಸುಮಾರಿಗೆ ಭೂಕಂಪವಾಗಿ ಊರಿನ ಬಹುಪಾಲು ಕುಸಿಯಿತು. ದೇವಾಲಯಗಳು ಎಷ್ಟೋ ಕಾಲ ಬಿದ್ದ ಹಾಗೇ ಇದ್ದವು, ಆದರೆ ಆಂಫಿಥಿಯೇಟರನ್ನು ದುರಸ್ತಿ ಮಾಡಿದರು. ಸುರಂಗಗಳ ಒಳಗೆ ಇಟ್ಟಿಗೆಯ ಕಮಾನುಗಳ ಆಸರೆ ಬಂತು. ಗೈಯಸ್ ಕುಸ್ಪಿಯಸ್ ಪಾನ್ಸಾ ಎಂಬ ಒಂದೇ ಹೆಸರಿನ ತಂದೆ ಮಗನ ಶಾಸನಗಳು ಉತ್ತರದ ದಾರಿಯಲ್ಲಿವೆ. 79ರಲ್ಲಿ ವೆಸೂವಿಯಸ್ ಸ್ಫೋಟಿಸಿದಾಗ ಗುಂಡಿಯಾಕಾರದ ಈ ಕಟ್ಟಡ ಮೇಲಿನವರೆಗೆ ತುಂಬಿಹೋಯಿತು.

1748ರಲ್ಲಿ ಸ್ಪೇನಿನ ಎಂಜಿನಿಯರ್ ಅಲ್ಕುಬಿಯೆರ್ರೆ ಅಗೆಸಲು ಹೊರಟಾಗ ಮೊದಮೊದಲು ತಲೆಯೆತ್ತಿದ ಕಟ್ಟಡಗಳಲ್ಲಿ ಇದೂ ಒಂದು. ಇದು ಯಾವ ಊರೆಂದೇ ಆಗ ಅವನಿಗೆ ಗೊತ್ತಿರಲಿಲ್ಲ, ಸ್ಟಾಬಿಯಾ ಎಂದುಕೊಂಡಿದ್ದ. ಪ್ರತಿಮೆ, ಚಿನ್ನ ಸಿಗದ ಕಡೆ ಅಗೆತ ಮುಂದುವರಿಸುವ ಅಭ್ಯಾಸ ಆಗಿನ್ನೂ ಇರಲಿಲ್ಲ. 1766-67ರಲ್ಲಿ ರಂಗಮಂದಿರದ ಹಿಂದಿನ ಗ್ಲಾಡಿಯೇಟರು ವಸತಿಯನ್ನು ಅಗೆದಾಗ ಕಂಚಿನ ಶಿರಸ್ತ್ರಾಣಗಳು, ಕಾಲ್ಗಾಪುಗಳು ಸಿಕ್ಕವು. ಜೊತೆಗೆ ಒಡವೆ ತೊಟ್ಟ ಹೆಂಗಸಿನ ಅಸ್ಥಿ. ಸಿರಿವಂತೆಯೊಬ್ಬಳು ಗ್ಲಾಡಿಯೇಟರನ ಮೋಹಕ್ಕೆ ಬಿದ್ದು ಬಂದಿದ್ದಳೆಂಬ ಕಥೆಯನ್ನು ಪ್ರವಾಸಿಗರು ಎರಡು ಶತಮಾನದಿಂದ ಕೇಳುತ್ತಿದ್ದಾರೆ. ಬೂದಿ ಸುರಿಯುವಾಗ ಸೂರು ಕಂಡಲ್ಲಿ ಓಡಿ ಸೇರಿಕೊಂಡವರಲ್ಲಿ ಅವಳೂ ಒಬ್ಬಳಿದ್ದಿರಬಹುದು ಎಂಬ ಸರಳ ವಿವರಣೆಗೆ ಅಷ್ಟು ಗಿರಾಕಿಗಳಿಲ್ಲ.

ಆಂಫಿಥಿಯೇಟರನ್ನು ಪೂರ್ತಿ ತೆರೆದದ್ದು 1813ರಿಂದ 1816ರ ನಡುವೆ. ಕಣದ ಸುತ್ತಿನ ಕಟ್ಟೆಯ ಮೇಲೆ, ಕಾಳಗಕ್ಕೆ ಸಜ್ಜಾಗುವ ಗ್ಲಾಡಿಯೇಟರುಗಳ, ಕಾದಾಡುವ ಪ್ರಾಣಿಗಳ ಬಣ್ಣದ ಚಿತ್ರಗಳು ಹೊಚ್ಚಹೊಸದಾಗಿ ಹೊರಬಂದವು. ಹದಿನೇಳು ಶತಮಾನ ಬೂದಿಯಲ್ಲಿ ಕೆಡದೆ ಇದ್ದ ಬಣ್ಣ ತೆರೆದ ಗಾಳಿಯಲ್ಲಿ ಒಂದು ಚಳಿಗಾಲವನ್ನೂ ತಾಳಲಿಲ್ಲ. ಹಿಮಗಟ್ಟುವ ಚಳಿಗೆ ಗಾರೆ ಉದುರಿಹೋಯಿತು. ಫ್ರಾನ್ಸೆಸ್ಕೊ ಮೊರೆಲ್ಲಿ ಅಷ್ಟರೊಳಗೆ ನಕಲು ಬರೆದಿಟ್ಟಿದ್ದರಿಂದ ಅವು ಹೇಗಿದ್ದವೆಂಬುದಾದರೂ ನಮಗೆ ಗೊತ್ತು.

1971ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡ ಇದೇ ಕಣದಲ್ಲಿ ವಾದ್ಯಗಳನ್ನು ಹೂಡಿ ನುಡಿಸಿತು. ನಿರ್ದೇಶಕ ಏಡ್ರಿಯನ್ ಮೇಬೆನ್ ಚಿತ್ರೀಕರಿಸಿದ. ಪ್ರೇಕ್ಷಕರಿಲ್ಲದ ಕಛೇರಿ ಎಂಬುದೇ ಅವನ ಯೋಜನೆ. ಚಿತ್ರತಂಡ ಬಿಟ್ಟರೆ ಆಸನಗಳೆಲ್ಲ ಖಾಲಿ. ಆ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ 2016ರ ಜುಲೈಯಲ್ಲಿ ಮತ್ತೆ ಬಂದು ಎರಡು ಸಂಜೆ ನುಡಿಸಿದಾಗ ಟಿಕೆಟ್ ಕೊಂಡ ಜನರಿದ್ದರು. ಆದರೆ ಅವರನ್ನು ವಾಲ್ಗಸ್ ಮತ್ತು ಪೋರ್ಕಿಯಸ್ ಕಟ್ಟಿಸಿದ ಮೆಟ್ಟಿಲುಸಾಲಿಗೆ ಹತ್ತಿಸಲಿಲ್ಲ. ಹಾಡುಗಾರನ ಎದುರು, ಗ್ಲಾಡಿಯೇಟರುಗಳು ನಿಲ್ಲುತ್ತಿದ್ದ ಕಣದ ನೆಲದ ಮೇಲೇ ಅವರೆಲ್ಲ ಒತ್ತಾಗಿ ನಿಂತು ಕೇಳಿದರು.